ಬೀದಿ ತುದಿಯ ಸರ್ಕಾರಿ ಶಾಲೆಗೆ ಮಗಳನ್ನು ಸೇರಿಸಬಹುದೇ?

ಪ್ರಶ್ನೆ: ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇವೆ. ಮಗಳಿಗೆ ಬರುವ ಮೇ ತಿಂಗಳಲ್ಲಿ ಆರು ತುಂಬುತ್ತದೆ. ಈಗ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಯುಕೆಜಿ ಓದುತ್ತಿದ್ದಾಳೆ. ಒಂದನೇ ತರಗತಿಗೆ ಅಲ್ಲಿ ವರ್ಷಕ್ಕೆ 42 ಸಾವಿರ ಫೀಸು, ವ್ಯಾನಿಗೆ ಬೇರೆ 14 ಸಾವಿರ. ವ್ಯಾನು ಊರೆಲ್ಲ ಸುತ್ತಿ ಶಾಲೆ ಮುಟ್ಟಲು ನಲವತ್ತು ನಿಮಿಷ. ನಮ್ಮ ಬೀದಿಯ ತುದಿಯಲ್ಲೇ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ; ಒಂದರಿಂದ ಏಳು, 74 ಮಕ್ಕಳು, ಮುಖ್ಯ ಶಿಕ್ಷಕರೂ ಸೇರಿ ನಾಲ್ವರು. ನಮ್ಮ ಯಜಮಾನರು ಓದಿದ್ದು ಅಲ್ಲೇ, ಅಲ್ಲಿಗೇ ಸೇರಿಸೋಣ ಅನ್ನುತ್ತಾರೆ. ಅತ್ತೆಯವರು "ಗತಿ ಇಲ್ಲದೋರು ಕಳಿಸೋ ಸ್ಕೂಲು, ನಮಗೇನು ಬಂದಿದೆ" ಅನ್ನುತ್ತಾರೆ. ನನ್ನ ಭಯ ಇಂಗ್ಲಿಷಿನದು. ಜೊತೆಗೆ ಮಗಳಿಗೆ ಮಾತು ಕಡಿಮೆ, ಹೊಸಬರ ಮುಂದೆ ಬಾಯಿ ಬಿಡುವುದಿಲ್ಲ. ಏನು ಮಾಡಲಿ?

ಉತ್ತರ: ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಸಂಗತಿ ಸರಿಯಿದ್ದರೆ ಧೈರ್ಯವಾಗಿ ಸೇರಿಸಿ. ಒಂದು, ನಲಿ-ಕಲಿ ತರಗತಿಗೆ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುವ ಕೊಠಡಿಗೆ, ನೆಲೆನಿಂತ ಒಬ್ಬ ಶಿಕ್ಷಕಿಯೋ ಶಿಕ್ಷಕರೋ ಇರಬೇಕು. ಇನ್ನೊಂದು, ಆ ಶಾಲೆಯ ಮೂರನೇ ತರಗತಿಯ ಮಕ್ಕಳಿಗೆ ಓದಲು ಬರುತ್ತಿರಬೇಕು. ಇದರಲ್ಲಿ ಯಾವುದೊಂದು ಇಲ್ಲದಿದ್ದರೂ ಸೇರಿಸಬೇಡಿ, ಯಜಮಾನರಿಗೆ ತಾವು ಓದಿದ ಶಾಲೆಯ ಮೇಲೆ ಎಷ್ಟೇ ಅಭಿಮಾನವಿರಲಿ. ಅವರು ಓದಿದಾಗ ಇದ್ದ ಮೇಷ್ಟ್ರು ಈಗಿಲ್ಲ, ಆಗಿನ ಮಕ್ಕಳ ಸಂಖ್ಯೆಯೂ ಈಗಿಲ್ಲ. ಒಂದೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಕೆಳಗೆ, ಎರಡು ಕಿಲೋಮೀಟರ್ ಅಂತರದಲ್ಲಿ, ಮಕ್ಕಳು ನೀರು ಕುಡಿದಷ್ಟು ಸಲೀಸಾಗಿ ಓದುವ ಶಾಲೆಯೂ ಇರುತ್ತದೆ, ಐದನೇ ತರಗತಿಗೆ ಬಂದರೂ ಒತ್ತಕ್ಷರ ಕಂಡರೆ ತಡವರಿಸುವ ಶಾಲೆಯೂ ಇರುತ್ತದೆ. ಖಾಸಗಿ ಶಾಲೆಗಳಲ್ಲೂ ಹೀಗೆಯೇ. ಆದ್ದರಿಂದ ಸರ್ಕಾರಿಯೋ ಖಾಸಗಿಯೋ ಎಂಬ ಚರ್ಚೆಯನ್ನು ಮನೆಯಲ್ಲಿ ಕೆಲವು ದಿನ ನಿಲ್ಲಿಸಿ, ಆ ಕಟ್ಟಡದೊಳಗೆ ಈಗ ಏನು ನಡೆಯುತ್ತಿದೆ ಎಂದು ನೋಡಿಬನ್ನಿ.

ಹೋಗಲು ಇದೇ ಸರಿಯಾದ ಸಮಯ. ಜೂನ್‌ನಲ್ಲಿ ದಾಖಲಾತಿ ಆಂದೋಲನದ ಗದ್ದಲ, ತೋರಣ, ಪ್ರಾರಂಭೋತ್ಸವದ ಸಿಹಿ. ಆಗ ಎಲ್ಲ ಶಾಲೆಯೂ ಚೆನ್ನಾಗಿಯೇ ಕಾಣುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹೋದರೆ ವರ್ಷವಿಡೀ ಕಲಿತದ್ದೇನು ಎಂಬುದು ಕಣ್ಣಿಗೆ ಬೀಳುತ್ತದೆ. ಶನಿವಾರ ಬೇಡ, ಅಂದು ಬೆಳಗಿನ ಶಾಲೆ. ವಾರದ ನಡುವೆ ಒಂದು ದಿನ ಹತ್ತೂವರೆ ಹೊತ್ತಿಗೆ ಹೋಗಿ ಮುಖ್ಯ ಶಿಕ್ಷಕರನ್ನು ಕಂಡು, "ಮಗಳನ್ನು ಸೇರಿಸುವ ಯೋಚನೆ ಇದೆ, ನಲಿ-ಕಲಿ ಕೊಠಡಿಯಲ್ಲಿ ಅರ್ಧ ಗಂಟೆ ಕೂರಬಹುದಾ ಸರ್" ಎಂದು ಕೇಳಿ. ದಾಖಲಾತಿ ಕಡಿಮೆಯಾಗಿರುವ ಶಾಲೆಯಲ್ಲಿ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಖಾಸಗಿ ಶಾಲೆಯಲ್ಲಿ ತರಗತಿಯೊಳಗೆ ಕೂರಲು ಬಿಡುವುದು ಅಪರೂಪ.

ನಲಿ-ಕಲಿ ಕೊಠಡಿ ನೀವು ಓದಿದ ತರಗತಿಯಂತೆ ಇರುವುದಿಲ್ಲ, ಮೊದಲ ನೋಟಕ್ಕೆ ಗೊಂದಲವೆನಿಸಬಹುದು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ನೋಡಿಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದನ್ನು ಆರಂಭಿಸಿದರು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಅದು ಹರಡಿತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ಅಂದರೆ ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ, ಇರುತ್ತದೆ. ಮಗು ಏಣಿಯಲ್ಲಿ ತಾನು ಎಲ್ಲಿದ್ದೇನೆಂದು ನೋಡಿ, ಅದರ ಕಾರ್ಡು ತೆಗೆದುಕೊಂಡು, ಆ ಕೆಲಸದ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕಿಯೇ ಪೂರ್ತಿ ಕಲಿಸುತ್ತಾರೆ, ಇನ್ನೊಂದರಲ್ಲಿ ದೊಡ್ಡ ಮಗು ಚಿಕ್ಕದಕ್ಕೆ ಹೇಳಿಕೊಡುತ್ತದೆ, ಮತ್ತೊಂದರಲ್ಲಿ ಮಗು ತಾನೇ ಮಾಡುತ್ತದೆ. ಗೋಡೆಯ ಕೆಳಭಾಗಕ್ಕೆ ಕಪ್ಪು ಬಳಿದು ಒಂದೊಂದು ಮಗುವಿಗೂ ಒಂದೊಂದು ಪಾಲು ಕೊಟ್ಟಿರುತ್ತಾರೆ. ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳು ಮಾಡಿದ ಚಿತ್ರಗಳು.

ಮಾತು ಕಡಿಮೆ ಇರುವ ಮಗುವಿಗೆ ಈ ಪದ್ಧತಿ ಹೊಂದುತ್ತದೆ ಎಂಬುದು ನಾನು ಪದೇ ಪದೇ ಕಂಡದ್ದು. ನಲವತ್ತು ಮಕ್ಕಳ ಮುಂದೆ ಎದ್ದುನಿಂತು ಉತ್ತರ ಹೇಳಬೇಕಾದ ಒತ್ತಾಯ ಇಲ್ಲಿಲ್ಲ. ನಾಲ್ಕೈದು ಮಕ್ಕಳ ನಡುವೆ, ತನಗಿಂತ ಒಂದು ವರ್ಷ ದೊಡ್ಡವಳ ಪಕ್ಕ ಕೂತು ಪಿಸುಗುಟ್ಟಿದರೂ ಸಾಕು. ಹೊಸಬರ ಮುಂದೆ ಬಾಯಿ ಬಿಡದ ಮಗು ಮೊದಲು ಮಾತಾಡುವುದು ಸಾಮಾನ್ಯವಾಗಿ ಇನ್ನೊಂದು ಮಗುವಿನ ಜೊತೆಗೆ, ಅದೂ ಮನೆಮಾತಿನಲ್ಲಿ. ನಿಮ್ಮ ಮಗಳು ಯುಕೆಜಿಯಲ್ಲಿ ಸುಮ್ಮನಿರುವುದಕ್ಕೆ ಅಲ್ಲಿ ಮಾತಾಡಬೇಕಾದ ಭಾಷೆ ಅವಳದ್ದಲ್ಲ ಎಂಬುದೂ ಒಂದು ಕಾರಣವಿರಬಹುದು. ಮನೆಯಲ್ಲಿ, ಬೀದಿಯಲ್ಲಿ ಅವಳು ಎಷ್ಟು ಮಾತಾಡುತ್ತಾಳೆ ಎಂದು ಗಮನಿಸಿ ನೋಡಿ.

ಆದರೆ ಈ ಪದ್ಧತಿಯ ಬಲವೆಲ್ಲ ಶಿಕ್ಷಕಿಯ ಕೈಯಲ್ಲಿದೆ. ಆಕೆ ಇಲ್ಲದ ದಿನ ನಲಿ-ಕಲಿ ಕೊಠಡಿ ಬರೀ ಗದ್ದಲ. ಹಾಗಾಗಿ ಕೊಠಡಿಯಲ್ಲಿ ಕೂತಾಗ ಇಷ್ಟು ನೋಡಿ: ಕಾರ್ಡುಗಳ ಅಂಚು ಸವೆದಿವೆಯೇ, ಇಲ್ಲ ಹೊಸದಾಗಿಯೇ ಹೊಳೆಯುತ್ತಿವೆಯೇ? ಮಕ್ಕಳು ತಾವಾಗಿಯೇ ಎದ್ದು ಕಾರ್ಡು ತರುತ್ತಾರೆಯೇ? ಚಪ್ಪರದಲ್ಲಿರುವ ಕೆಲಸ ಈ ತಿಂಗಳದ್ದೋ, ಧೂಳು ಹಿಡಿದ ಹಳೆಯದ್ದೋ? ಶಿಕ್ಷಕಿ ಒಂದು ಗುಂಪಿನಲ್ಲಿ ಕೂತಿದ್ದಾಗ ಉಳಿದ ಗುಂಪುಗಳಲ್ಲಿ ಕೆಲಸ ನಡೆಯುತ್ತಿದೆಯೇ? ಅರ್ಧ ಗಂಟೆ ಕೂತರೆ ಇದೆಲ್ಲ ತಾನಾಗಿ ತಿಳಿಯುತ್ತದೆ.

ಈಗ ನಾಲ್ವರು ಶಿಕ್ಷಕರ ಲೆಕ್ಕ. 74 ಮಕ್ಕಳಿಗೆ ನಾಲ್ವರು ಎಂದರೆ ಒಬ್ಬರಿಗೆ ಹದಿನೆಂಟು, ಹತ್ತೊಂಬತ್ತು ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ 30 ಮಕ್ಕಳಿಗೊಬ್ಬರು ಎನ್ನುತ್ತದೆ. ಕಾಗದದ ಮೇಲೆ ನಿಮ್ಮ ಶಾಲೆ ಬಹಳ ಚೆನ್ನಾಗಿದೆ. ಆದರೆ ತರಗತಿ ಏಳು, ಶಿಕ್ಷಕರು ನಾಲ್ವರು ಎಂಬುದನ್ನೂ ನೋಡಬೇಕು. ಒಂದರಿಂದ ಮೂರಕ್ಕೆ ಒಬ್ಬರು, ನಾಲ್ಕು-ಐದಕ್ಕೆ ಒಬ್ಬರು, ಆರು-ಏಳಕ್ಕೆ ಒಬ್ಬರು ಎಂದು ಹಂಚಿಕೊಂಡರೆ ಉಳಿಯುವವರು ಮುಖ್ಯ ಶಿಕ್ಷಕರು. ಅವರ ಹೆಗಲ ಮೇಲೆ ಎಸ್‌ಎಟಿಎಸ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಮಕ್ಕಳ ಮಾಹಿತಿ ತುಂಬುವುದು, ಅಕ್ಷರ ದಾಸೋಹದ (ಬಿಸಿಯೂಟದ) ಲೆಕ್ಕ, ಮೊಟ್ಟೆ-ಹಾಲಿನ ಲೆಕ್ಕ, ಬ್ಯಾಂಕು, ಸಭೆ ಎಲ್ಲ ಇರುತ್ತವೆ. ಚುನಾವಣೆ, ಜನಗಣತಿ, ವಿಪತ್ತು ಪರಿಹಾರ ಬಿಟ್ಟು ಬೇರೆ ಬೋಧನೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ ಎಂದು ಕಾಯ್ದೆಯ 27ನೇ ಸೆಕ್ಷನ್ ಹೇಳಿದರೂ ಅವರು ಶಾಲೆಯ ಹೊರಗೆ ಕಳೆಯುವ ದಿನಗಳು ಕಡಿಮೆಯೇನಲ್ಲ. 2025ರಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಹೋಗಬೇಕಾಗಿ ಬಂದು ದಸರಾ ರಜೆಯನ್ನೇ ವಿಸ್ತರಿಸಬೇಕಾಯಿತು. ಇದು ಶಿಕ್ಷಕರ ಮೇಲಿನ ದೂರಲ್ಲ. ಅವರಿಗೆ ಪಾಠ ಮಾಡಲು ಬಿಡಿ ಎಂದು ನಾವೆಲ್ಲ ಗಟ್ಟಿಯಾಗಿ ಕೇಳಬೇಕು.

ಹಾಗಾಗಿ ಮುಖ್ಯ ಶಿಕ್ಷಕರನ್ನು ನೇರವಾಗಿ ಕೇಳಿ: ನಾಲ್ವರಲ್ಲಿ ಕಾಯಂ ಎಷ್ಟು ಜನ, ಅತಿಥಿ ಶಿಕ್ಷಕರು ಎಷ್ಟು? ನಲಿ-ಕಲಿ ಮೇಡಂ ಈ ಶಾಲೆಗೆ ಬಂದು ಎಷ್ಟು ವರ್ಷವಾಯಿತು? ಈ ಸಲ ವರ್ಗಾವಣೆಗೆ ಅರ್ಜಿ ಹಾಕಿದ್ದಾರೆಯೇ? ಬಿಎಲ್‌ಒ ಕೆಲಸ (ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವುದು) ಯಾರ ಮೇಲಿದೆ? ಈ ಪ್ರಶ್ನೆಗಳಿಗೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಹೋಗುವ ಮುನ್ನ, ದೇಶದ ಶಾಲೆಗಳ ಅಂಕಿಅಂಶ ಇರುವ ಸರ್ಕಾರದ ಯುಡೈಸ್ ಜಾಲತಾಣದಲ್ಲಿ ಆ ಶಾಲೆಯ ಮಾಹಿತಿಯನ್ನೂ ನೋಡಿ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಒಂದು ಸಂಖ್ಯೆ ಇದೆ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ ಎಂದು ಗಮನಿಸಿ. 74 ಎಂಬುದು ಮೂರು ವರ್ಷದಿಂದ ಹಾಗೇ ಇದ್ದರೆ ಚಿಂತೆಯಿಲ್ಲ. 120ರಿಂದ ಇಳಿದು 74ಕ್ಕೆ ಬಂದಿದ್ದರೆ ಮಕ್ಕಳನ್ನು ಬಿಡಿಸಿಕೊಂಡು ಹೋದ ಒಂದಿಬ್ಬರು ಪೋಷಕರನ್ನು ಹುಡುಕಿ ಯಾಕೆ ಎಂದು ಕೇಳಿ. ಮಕ್ಕಳು ಕಡಿಮೆಯಾದ ಹಾಗೆ ಶಿಕ್ಷಕರ ಹುದ್ದೆಯೂ ಹೋಗುತ್ತದೆ, ಹತ್ತಿರದ ಶಾಲೆಯ ಜೊತೆ ಸೇರಿಸುವ ಮಾತೂ ಏಳುತ್ತದೆ.

ಎರಡನೆಯದು ಓದಿನ ಪರೀಕ್ಷೆ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಮಾಣ ಬೇರೆ ಇಲ್ಲ. ಪಠ್ಯಪುಸ್ತಕ ಬೇಡ, ಅದು ಬಾಯಿಪಾಠವಾಗಿರುತ್ತದೆ. ದೊಡ್ಡ ಅಕ್ಷರದ ಒಂದು ಕನ್ನಡ ಕಥೆಪುಸ್ತಕ ಒಯ್ಯಿರಿ. ಶಿಕ್ಷಕರು ಮುಂದೆ ಕರೆಯುವ ಜಾಣ ಮಗುವಿನ ಜೊತೆಗೆ ಹಿಂದೆ ಕೂತಿರುವ ಮೂರ್ನಾಲ್ಕು ಮಕ್ಕಳಿಗೂ ಕೊಟ್ಟು ಓದಿಸಿ. ಮೂರನೇ ತರಗತಿ ಮುಗಿಸುತ್ತಿರುವ ಮಗು ನಾಲ್ಕಾರು ವಾಕ್ಯವನ್ನು ಅಲ್ಲಲ್ಲಿ ನಿಂತಾದರೂ ಓದಿ, ಏನಾಯಿತು ಎಂದು ತನ್ನ ಮಾತಿನಲ್ಲಿ ಹೇಳಬೇಕು. 42ರಲ್ಲಿ 17 ಕಳೆ ಅಂದರೆ ದಶಕ ತಂದು ಕಳೆಯಬೇಕು. ಪ್ರಥಮ್ ಸಂಸ್ಥೆ 2005ರಿಂದ ಹಳ್ಳಿಗಳ ಮನೆ ಮನೆಗೆ ಹೋಗಿ ಮಾಡಿಕೊಂಡು ಬಂದಿರುವ ಅಸರ್ ಸಮೀಕ್ಷೆಯ ಪರೀಕ್ಷೆಯೂ ಹೆಚ್ಚುಕಡಿಮೆ ಇಷ್ಟೇ ಸರಳವಾದದ್ದು. 2024ರ ಅಸರ್ ಪ್ರಕಾರ ದೇಶದ ಗ್ರಾಮೀಣ ಭಾಗದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಅರ್ಧಕ್ಕಿಂತ ಕಡಿಮೆ, ಅದೂ ಖಾಸಗಿ ಶಾಲೆಯ ಮಕ್ಕಳನ್ನು ಸೇರಿಸಿ. ಆದ್ದರಿಂದ ಅದೇ ಪುಸ್ತಕವನ್ನು, ನೀವು ಈಗ ಕಳಿಸುತ್ತಿರುವ ಖಾಸಗಿ ಶಾಲೆಯಲ್ಲಿ ಮೂರನೇ ತರಗತಿ ಓದುತ್ತಿರುವ ನೆರೆಮನೆಯ ಮಗುವಿಗೂ ಕೊಟ್ಟು ನೋಡಿ. ಅವರ ಇಂಗ್ಲಿಷ್ ಪಾಠದ ನಾಲ್ಕು ಸಾಲನ್ನೂ ಓದಿಸಿ, ಅರ್ಥ ಕೇಳಿ. ಕಟ್ಟಡ, ಟೈ, ಡೈರಿ ಎಲ್ಲ ಪಕ್ಕಕ್ಕಿಟ್ಟು ಮಗುವನ್ನು ಮಗುವಿನ ಜೊತೆಗೇ ಹೋಲಿಸಬೇಕು.

ಇಂಗ್ಲಿಷಿನ ಭಯ ಸುಳ್ಳಲ್ಲ, ಅದನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮಲ್ಲಿ ಪಿಯುಸಿ ವಿಜ್ಞಾನಕ್ಕೆ ಹೋದ ಮಗು ಇಂಗ್ಲಿಷಿನಲ್ಲೇ ಓದಬೇಕು, ಅಲ್ಲಿ ಏಕಾಏಕಿ ಜಿಗಿಯಬೇಕಾದ ಕನ್ನಡ ಮಾಧ್ಯಮದ ಮಕ್ಕಳ ಕಷ್ಟ ಎಲ್ಲರಿಗೂ ಗೊತ್ತು. ಆದರೆ ಆರು ವರ್ಷಕ್ಕೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಿಸುವುದೇ ಅದಕ್ಕೆ ಪರಿಹಾರ ಎಂಬುದಕ್ಕೆ ಆಧಾರ ಗಟ್ಟಿಯಾಗಿಲ್ಲ. ಪಕ್ಕದ ಆಂಧ್ರಪ್ರದೇಶದಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 180 ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. 2015ರಲ್ಲಿ ಅದು ಪ್ರಕಟವಾಯಿತು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಲಾಟರಿ ಎತ್ತಿ, ಹೆಸರು ಬಂದವರ ಖಾಸಗಿ ಶಾಲೆಯ ಖರ್ಚನ್ನು ಭರಿಸಿದರು. ನಾಲ್ಕು ವರ್ಷದ ಕೊನೆಗೆ ತೆಲುಗಿನಲ್ಲೂ ಗಣಿತದಲ್ಲೂ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಖಾಸಗಿ ಶಾಲೆಯವರು ಸ್ಪಷ್ಟವಾಗಿ ಮುಂದಿದ್ದದ್ದು ಹಿಂದಿಯಲ್ಲಿ, ಏಕೆಂದರೆ ಅಲ್ಲಿ ಅದನ್ನು ಕಲಿಸುತ್ತಿದ್ದರು. ಖಾಸಗಿ ಶಾಲೆಗಳು ತೆಲುಗು, ಗಣಿತಕ್ಕೆ ಕಡಿಮೆ ಹೊತ್ತು ಕೊಟ್ಟು, ಕಡಿಮೆ ಖರ್ಚಿನಲ್ಲಿ ಇಷ್ಟನ್ನು ಸಾಧಿಸಿದ್ದವು ಎಂಬುದನ್ನೂ ಹೇಳಬೇಕು. ಅದು ಅವರ ಹೆಚ್ಚುಗಾರಿಕೆ. ಇದರಿಂದ ನಾನು ಕಂಡುಕೊಂಡದ್ದು ಇಷ್ಟು: ಶಾಲೆ ಬದಲಾಯಿಸಿದ ಮಾತ್ರಕ್ಕೆ ಮಗುವಿನ ಕಲಿಕೆ ಏರುವುದಿಲ್ಲ, ಯಾವುದನ್ನು ಹೊತ್ತು ಕೊಟ್ಟು ಕಲಿಸುತ್ತಾರೋ ಅದನ್ನು ಮಗು ಕಲಿಯುತ್ತದೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದಲೇ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿದೆ. 2019-20ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದರು, ಆಮೇಲೆ ಇನ್ನಷ್ಟು ಶಾಲೆಗಳು ಸೇರಿದವು. ಅಲ್ಲಿ ಗಣಿತ, ಪರಿಸರ ಅಧ್ಯಯನದ ಪುಸ್ತಕ ದ್ವಿಭಾಷೆಯಲ್ಲಿದ್ದು, ಒಂದು ಪುಟ ಇಂಗ್ಲಿಷಾದರೆ ಎದುರು ಪುಟ ಕನ್ನಡ. ನಿಮ್ಮ ಬೀದಿಯ ಶಾಲೆಯಲ್ಲಿ ಈ ವಿಭಾಗ ಇದೆಯೇ, ಇದ್ದರೆ ಅದನ್ನು ಯಾರು ಕಲಿಸುತ್ತಾರೆ ಎಂದು ಕೇಳಿ. ನಾಲ್ವರೇ ಇರುವ ಶಾಲೆಯಲ್ಲಿ ಎರಡು ಮಾಧ್ಯಮ ನಡೆಸುವುದು ಸುಲಭವಲ್ಲ. ಅದಿದ್ದರೂ ಇಲ್ಲದಿದ್ದರೂ, ಮೊದಲ ಎರಡು ವರ್ಷ ಕನ್ನಡದಲ್ಲಿ ಓದು ಬರಹ ಗಟ್ಟಿಯಾಗಲಿ, ಇಂಗ್ಲಿಷನ್ನು ಕಿವಿಗೂ ಬಾಯಿಗೂ ಅಭ್ಯಾಸ ಮಾಡಿಸಿ ಎಂಬುದು ನನ್ನ ಸಲಹೆ. ಯುಕೆಜಿ ಮುಗಿಸಿದ ಮಗಳು ಇಂಗ್ಲಿಷ್ ಅಕ್ಷರ ಮರೆಯುವುದಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ನೀವಿಬ್ಬರಲ್ಲಿ ಒಬ್ಬರು ಅವಳ ಪಕ್ಕ ಕೂತು ಚಿತ್ರಪುಸ್ತಕವನ್ನು ಗಟ್ಟಿಯಾಗಿ ಓದಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತದೆ. ಮೊದಲು ಕನ್ನಡದ್ದು, ಮಾರನೇ ದಿನ ಇಂಗ್ಲಿಷಿನದು. ನಿಮ್ಮ ಉಚ್ಚಾರಣೆ ಸರಿಯಿಲ್ಲವೆಂದು ಹಿಂಜರಿಯಬೇಡಿ. ಈ ಇಪ್ಪತ್ತು ನಿಮಿಷ ಮನೆಯಲ್ಲಿ ಖಂಡಿತ ಆಗದ ಮಾತು ಅಂದರೆ, ಅದನ್ನು ಈಗಲೇ ಪ್ರಾಮಾಣಿಕವಾಗಿ ಒಪ್ಪಿಕೊಂಡು ತೀರ್ಮಾನಕ್ಕೆ ಬನ್ನಿ; ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷಿನ ಕೊರತೆಯನ್ನು ತುಂಬಬೇಕಾದವರು ಬಹುಮಟ್ಟಿಗೆ ನೀವೇ.

ವ್ಯಾನಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನನಗೆ ಅದು ದೊಡ್ಡ ವಿಷಯ. ಹೋಗಲು ನಲವತ್ತು, ಬರಲು ನಲವತ್ತು ನಿಮಿಷ. ವರ್ಷಕ್ಕೆ 200 ದಿನ ಹಿಡಿದರೂ 260 ಗಂಟೆ ದಾಟುತ್ತದೆ. ಒಂದರಿಂದ ಐದನೇ ತರಗತಿಗೆ ಕಾಯ್ದೆ ನಿಗದಿಪಡಿಸಿರುವ ಬೋಧನೆಯ ಅವಧಿಯೇ ವರ್ಷಕ್ಕೆ 800 ಗಂಟೆ. ಅದರ ಮೂರನೇ ಒಂದು ಭಾಗದಷ್ಟನ್ನು ಆರು ವರ್ಷದ ಮಗು ವ್ಯಾನಿನಲ್ಲಿ ಕಳೆಯುತ್ತದೆ. ಫೀಸು ಏರದೆ ಹೀಗೇ ಇದ್ದರೂ ಏಳು ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ರೂಪಾಯಿ. ಫೀಸಿಗಾಗಿ ಸಾಲ ಮಾಡುವ ಸ್ಥಿತಿ ಇದ್ದರೆ, ಪ್ರಾಥಮಿಕ ಹಂತಕ್ಕೆ ಅದು ಖಂಡಿತ ಬೇಡ. ಶಿಕ್ಷಣ ಹಕ್ಕು ಕಾಯ್ದೆಯಡಿ ಸಿಗುವ ಉಚಿತ ಆರ್‌ಟಿಇ ಸೀಟಿನಲ್ಲಿ ಖಾಸಗಿಗೆ ಸೇರಿಸುವ ದಾರಿಯೂ ನಿಮಗೆ ಇಲ್ಲವೆನ್ನಬೇಕು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗದಂತೆ 2019-20ರಿಂದ ರಾಜ್ಯದ ನಿಯಮ ಬದಲಾಗಿದೆ.

ಅತ್ತೆಯವರ ಮಾತಿಗೆ ಬರುತ್ತೇನೆ. ಆ ಮಾತಿನ ಹಿಂದೆ ಮೊಮ್ಮಗಳ ಮೇಲಿನ ಅಕ್ಕರೆಯೂ ಇದೆ, ಊರಿನವರು ಏನನ್ನುತ್ತಾರೋ ಎಂಬ ಅಳುಕೂ ಇದೆ. ಅಲ್ಲಿಗೆ ಬರುವುದು ಬಹುಪಾಲು ಕೂಲಿ ಮಾಡುವವರ, ಗಾರೆ ಕೆಲಸದವರ, ವಲಸೆ ಬಂದವರ ಮಕ್ಕಳು ಎಂಬುದು ನಿಜವಿರಬಹುದು. ಕೆಲವರು ವರ್ಷದ ನಡುವೆ ಊರಿಗೆ ಹೋಗಿಬಿಡುತ್ತಾರೆ, ಹಬ್ಬ-ಜಾತ್ರೆ ಬಂದರೆ ಹಾಜರಿ ಬೀಳುತ್ತದೆ. ಅದರಿಂದ ಕಲಿಕೆಗೆ ಅಡ್ಡಿಯಾಗುವುದೂ ಉಂಟು. ಆದರೆ ಆ ಮಕ್ಕಳ ಜೊತೆ ಕೂತರೆ ನಿಮ್ಮ ಮಗು ಕೆಡುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಯಾರು ಹೇಳಿದರೂ ಒಪ್ಪುವುದಿಲ್ಲ. ಕೆಟ್ಟ ಮಾತು ಶಾಲಾ ವ್ಯಾನಿನಲ್ಲೂ ಕಿವಿಗೆ ಬೀಳುತ್ತದೆ. ಬೇಕಿದ್ದರೆ ಅತ್ತೆಯವರನ್ನೇ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಕರೆದುಕೊಂಡು ಹೋಗಿ. ಅಡುಗೆಯವರು ಬಡಿಸುವುದನ್ನು, ಮಕ್ಕಳು ಸಾಲಾಗಿ ಕೂತು ಅನ್ನ ಸಾಂಬಾರು, ಮೊಟ್ಟೆಯನ್ನೋ ಬಾಳೆಹಣ್ಣನ್ನೋ ತಿನ್ನುವುದನ್ನು ಅವರೇ ನೋಡಲಿ. ಜಾತಿ ನೋಡಿ ಮಕ್ಕಳನ್ನು ಬೇರೆ ಕೂರಿಸಿದ್ದು ಕಂಡರೆ, ಅಡುಗೆಯವರ ಕೈಯ ಊಟ ಬೇಡವೆಂದು ಕೆಲವು ಮಕ್ಕಳು ಎದ್ದುಹೋಗುವುದು ಕಂಡರೆ, ಆ ಶಾಲೆಯ ಬಗ್ಗೆ ನಾನಾದರೆ ಎರಡು ಬಾರಿ ಯೋಚಿಸುತ್ತೇನೆ. ಅಂಥದ್ದನ್ನು ಸುಮ್ಮನೆ ನೋಡುವ ಶಿಕ್ಷಕರು ಬೇರೆಯದನ್ನೂ ಸುಮ್ಮನೆ ನೋಡುತ್ತಾರೆ. ಹಾಗೆಯೇ ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ ನೋಡಿ: ಬಾಗಿಲಿಗೆ ಚಿಲಕ ಇದೆಯೇ, ನೀರು ಬರುತ್ತದೆಯೇ, ಬೀಗ ಹಾಕಿ ಇಟ್ಟಿದ್ದಾರೆಯೇ?

ಒಮ್ಮೆ ಸೇರಿಸಿದರೆ ಮುಗಿಯಿತು, ಹಿಂತಿರುಗುವಂತಿಲ್ಲ ಎಂದು ಭಾವಿಸಬೇಡಿ. ಬದಲಾಯಿಸಲು ಸಹಜವಾದ ತಿರುವು ಆರನೇ ತರಗತಿ. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕೆಲವು ತಾಲ್ಲೂಕುಗಳಲ್ಲಿರುವ ಇಂಗ್ಲಿಷ್ ಮಾಧ್ಯಮದ ಸರ್ಕಾರಿ ಆದರ್ಶ ವಿದ್ಯಾಲಯ ಎಲ್ಲಕ್ಕೂ ಪ್ರವೇಶ ಪರೀಕ್ಷೆ ಇರುವುದು ಆ ಹಂತದಲ್ಲಿ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರಿ ನೇಮಕಾತಿಯಲ್ಲೂ ಸಿಇಟಿಯಲ್ಲೂ ಶೇ. 5 ಮೀಸಲಾತಿ ಇದೆ. ಅದೊಂದಕ್ಕಾಗಿ ಮಾತ್ರ ಶಾಲೆ ಆರಿಸಬೇಡಿ, ಆದರೆ ದ್ವಿಭಾಷಾ ವಿಭಾಗಕ್ಕೆ ಸೇರಿಸುವುದಾದರೆ ದಾಖಲೆಯಲ್ಲಿ ಮಾಧ್ಯಮ ಯಾವುದೆಂದು ಬರೆಯುತ್ತಾರೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ.

ಸೇರಿಸಿದ ಮೇಲೆ ಎರಡು ಗಡುವು ಇಟ್ಟುಕೊಳ್ಳಿ. ದೀಪಾವಳಿಯ ಹೊತ್ತಿಗೆ ಮಗಳು ಬೆಳಿಗ್ಗೆ ಅಳದೆ ಹೋಗುತ್ತಿರಬೇಕು, ಮನೆಗೆ ಬಂದು ಒಬ್ಬಳಾದರೂ ಗೆಳತಿಯ ಹೆಸರು ಹೇಳುತ್ತಿರಬೇಕು. ಎರಡನೇ ತರಗತಿ ಮುಗಿಯುವಾಗ ಗುಣಿತಾಕ್ಷರ ದಾಟಿ ಸಣ್ಣ ವಾಕ್ಯ ಓದುತ್ತಿರಬೇಕು. ಆಗಿಲ್ಲದಿದ್ದರೆ ಮೇಡಂ ಜೊತೆ ಕೂತು ಮಾತಾಡಿ, ಮೂರು ತಿಂಗಳು ಕಾಯಿರಿ, ಆಗಲೂ ಕದಲದಿದ್ದರೆ ಬದಲಾಯಿಸಿ. ಶಾಲೆಯ ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ) ಸೇರಿಕೊಳ್ಳಿ. ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು ಎಂಬುದು ಕಾಯ್ದೆಯ ಮಾತು. ಖಾಲಿ ಬಿದ್ದ ಹುದ್ದೆಗೆ ಅತಿಥಿ ಶಿಕ್ಷಕರು ಬೇಕೆಂದು ಆ ಸಮಿತಿಯ ಮೂಲಕ ಬಿಇಒ ಕಚೇರಿಗೆ ಬರೆದರೆ, ಒಬ್ಬ ತಾಯಿ ಹೋಗಿ ಕೇಳುವುದಕ್ಕಿಂತ ಅದಕ್ಕೆ ತೂಕ ಹೆಚ್ಚು.

ದಾಖಲಾತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು, ನಿಮ್ಮ ಮಗಳಿಗೆ ಅದು ಸರಿಹೊಂದುತ್ತದೆ. ಜನನ ಪ್ರಮಾಣಪತ್ರ ಒಯ್ಯಿರಿ, ಈಗಿನ ಶಾಲೆಯಿಂದ ಯುಕೆಜಿಯ ಟಿಸಿಯನ್ನು ಏಪ್ರಿಲ್‌ನಲ್ಲೇ ಕೇಳಿಟ್ಟುಕೊಳ್ಳಿ. ಹಿಂದಿನ ಫೀಸಿನ ತಕರಾರಿನಿಂದ ಟಿಸಿ ತಡವಾದರೂ, ವಯಸ್ಸಿನ ದಾಖಲೆ ಕೈಗೆ ಬರದಿದ್ದರೂ, ಆ ಕಾರಣಕ್ಕೆ ಮಗುವನ್ನು ಸೇರಿಸಿಕೊಳ್ಳಲು ಸರ್ಕಾರಿ ಶಾಲೆ ನಿರಾಕರಿಸುವಂತಿಲ್ಲ.